ಶಾಲೂ ಸಂಭಾವನೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಉತ್ಸವಗಳಲ್ಲಿ ಚಪ್ಪರ ಕಟ್ಟಿದವನಿಗೆ ಕೂಲಿಯುಂಟು, ದೀಪ ಹಾಕಿದವನಿಗೆ ಬಾಡಿಗೆಯುಂಟು. ಇರುಳೆಲ್ಲ ಹಾಡಿದವನಿಗೆ ಎಷ್ಟೋ ಸಲ ಶಾಲೊಂದೇ. ನಾನೂ ಕವಿಗಳನ್ನು ಹಾಗೆ ಕರೆದವನೇ; ಈ ಮಾತಿನಲ್ಲಿ ನನ್ನ ತಪ್ಪೊಪ್ಪಿಗೆಯೂ ಇದೆ.

ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಜನಪದ ಗೀತೆಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅದು ಯಾರೂ ಹೇರಿದ ಬಿಟ್ಟಿಯಲ್ಲ, ತಾವೇ ಒಲಿದು ಮಾಡಿದ ಸೇವೆ. ಬಸವಣ್ಣನವರ ನಾಡಿಗೆ ಈ ಭೇದ ಹೊಸತಲ್ಲ: ದುಡಿದವನು ಒಲಿದು ಕೊಟ್ಟರೆ ದಾಸೋಹ, ಕರೆದವನು ಹಕ್ಕೆಂದು ಪಡೆದರೆ ಬಿಟ್ಟಿ.

ಕಲಾವಿದರೇ, ಕರೆಯೋಲೆ ಬಂದಾಗ ಸಂಭಾವನೆ ಎಷ್ಟೆಂದು ಮೊದಲೇ ಕೇಳಿರಿ. ಇಲ್ಲವೆಂದರೆ ಕೈಮುಗಿದು ‘ಒಲ್ಲೆ’ ಎನ್ನಿರಿ. ಅದು ಅಹಂಕಾರವಲ್ಲ, ಕಾಯಕದ ಮರ್ಯಾದೆ. ಮೊದಲ ‘ಒಲ್ಲೆ’ ನನಗೇ ಬಂದರೂ ನಾನು ತಪ್ಪು ತಿಳಿಯೆನು.