ಮೆಕ್ಕೆಜೋಳದ ಹೊಲಕ್ಕೆ ಮರಳಬೇಕಾದ ಸಾರ

ಮೆಕ್ಕೆಜೋಳದ ಹಸಿವು ದೊಡ್ಡದು. ಒಂದು ಟನ್ ಕಾಳು ಕಟ್ಟಲು ಬೆಳೆ ಸುಮಾರು 20ರಿಂದ 25 ಕಿಲೊ ಸಾರಜನಕ ಹೀರುತ್ತದೆ. ದಾವಣಗೆರೆ, ಹಾವೇರಿ ಸೀಮೆಯ ಕಾಳು ಕೋಳಿ ಆಹಾರದ ಗಿರಣಿಗಳಿಗೆ, ಪಿಷ್ಟದ ಕಾರ್ಖಾನೆಗಳಿಗೆ ಹೋಗುವಾಗ ಹೊಲದ ಸಾರವೂ ಲಾರಿ ಏರುತ್ತದೆ. ಸೊಪ್ಪೆ ದನಕ್ಕೆ ಬಿದ್ದರೆ ಒಂದಿಷ್ಟು ಸಗಣಿಯಾಗಿ ತಿರುಗಿ ಬಂದೀತು. ದನವಿಲ್ಲದ ಮನೆಯಲ್ಲಿ ಅದಕ್ಕೂ ಬೆಂಕಿಯೇ ಗತಿ. ಕಾಳಿನೊಂದಿಗೆ ಹೋದದ್ದರಲ್ಲಿ ಬಹಳಷ್ಟು ಕೋಳಿ ಫಾರಂಗಳಲ್ಲಿ, ಪೇಟೆಯ ಕಸದ ರಾಶಿಗಳಲ್ಲಿ ಬಿದ್ದಿದೆ. ತ್ಯಾಜ್ಯದಿಂದ ಗೊಬ್ಬರ ಮಾಡುವುದೆಂದರೆ ಅದನ್ನು ಹೊಲಕ್ಕೆ ಹಿಂದಿರುಗಿಸುವುದು.

ಲೆಕ್ಕ ಮಾತ್ರ ನಿಷ್ಠುರವಾಗಿದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು. ಹೆಕ್ಟೇರಿಗೆ 10 ಟನ್ ಹಾಕಿದರೆ 50 ಕಿಲೊ. ಮೊದಲ ಹಂಗಾಮಿನಲ್ಲಿ ಬೆಳೆಗೆ ದಕ್ಕುವುದು ಅದರ ಮೂರನೇ ಒಂದು ಪಾಲಿನಷ್ಟು. 45 ಕಿಲೊ ಯೂರಿಯಾ ಚೀಲದಲ್ಲಿ ಇದಕ್ಕಿಂತ ತುಸು ಹೆಚ್ಚೇ ಇದೆ. ಸಾಲದ್ದಕ್ಕೆ ಮೆಕ್ಕೆಜೋಳ ಮೊಳಕಾಲೆತ್ತರದಿಂದ ಹೂ ಬಿಡುವವರೆಗಿನ ಕೆಲವೇ ವಾರಗಳಲ್ಲಿ ಆತುರದಿಂದ ಉಣ್ಣುತ್ತದೆ. ಗೊಬ್ಬರವೋ ನಿಧಾನವಾಗಿ ಬಡಿಸುತ್ತದೆ. ಒಂದೇ ವರ್ಷಕ್ಕೆ ರಸಗೊಬ್ಬರ ಪೂರ್ತಿ ಬಿಟ್ಟವರ ಇಳುವರಿ ಕುಸಿಯುವುದು ಇದರಿಂದಲೇ.

ಆದರೂ ಯೂರಿಯಾ ಮಾಡಲಾಗದ ಕೆಲಸ ಗೊಬ್ಬರದ್ದಿದೆ. ಅದು ಮಣ್ಣಿಗೆ ಇಂಗಾಲ ಸೇರಿಸುತ್ತದೆ, ಸತುವಿನಂಥ ಲಘು ಪೋಷಕಾಂಶ ಒದಗಿಸುತ್ತದೆ. ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಹಸಿ ಹಿಡಿದಿಡುತ್ತದೆ. ಹೂ ಬಿಡುವಾಗ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದು ಆ ಹಸಿಯ ಮೇಲೆಯೇ ನಿಂತಿದೆ. ಆದ್ದರಿಂದ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಗೊಬ್ಬರ ಬೆರೆಸಿ, ಬೆಳೆ ಕೇಳುವ ಹೊತ್ತಿಗೆ ಮೇಲುಗೊಬ್ಬರವಾಗಿ ಯೂರಿಯಾ ಕೊಟ್ಟು, ವರ್ಷದಿಂದ ವರ್ಷಕ್ಕೆ ಅದರ ಪ್ರಮಾಣ ಇಳಿಸುವುದೇ ವಿವೇಕದ ದಾರಿ.

ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಇಂಗಾಲವೇ ಹೆಚ್ಚಿರುವ ಸೊಪ್ಪೆಯನ್ನು ಹಸಿಯಾಗಿ ಹೂತರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಪೈರು ಹಳದಿಯಾಗುತ್ತದೆ. ಹಸಿ ಕೋಳಿ ಗೊಬ್ಬರದಲ್ಲಿ ಸಾರಜನಕ ಅತಿಯಾಗಿ ಮೊಳಕೆ ಸುಡುತ್ತದೆ. ಎರಡನ್ನೂ ಪದರ ಪದರವಾಗಿ ಒಟ್ಟಿ, ನೀರು ಚಿಮುಕಿಸಿ, ಆಗಾಗ ತಿರುವಿದರೆ ಮೂರು ನಾಲ್ಕು ತಿಂಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೇಟೆ ಕಸದ ಗೊಬ್ಬರಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗಾಜು, ಪ್ಲಾಸ್ಟಿಕ್, ಬ್ಯಾಟರಿಯ ಸೀಸವನ್ನು ರಾಶಿಯಾದ ಮೇಲೆ ಹೆಕ್ಕಿ ತೆಗೆಯಲಾಗದು. ಹಸಿ ಕಸ, ಒಣ ಕಸ ಬೇರೆಯಾಗಬೇಕಾದದ್ದು ಮನೆಬಾಗಿಲಲ್ಲೇ. ಆ ಕೆಲಸ ಪೇಟೆಯವರದು. ಅದಾಗದ ಗೊಬ್ಬರವನ್ನು ರೈತ ಹೊಲಕ್ಕೆ ಸುರಿಯಬೇಕಾಗಿಲ್ಲ.