ಪ್ರತ್ಯಯದ ಪ್ರತಾಪ

ತಿಪಟೂರಿನಲ್ಲಿರುವ ನಮ್ಮಕ್ಕ ಚೀಟಿ ಎತ್ತಿದ ಮೂವತ್ತೈದು ಸಾವಿರ ರೂಪಾಯಿಗಳನ್ನು ಬಿ.ಸಿ.ಎ. ಓದುತ್ತಿದ್ದ ಮಗನ ಕೈಗೆ ಕೊಟ್ಟು, "ಮಾವನನ್ನು ಕರೆದುಕೊಂಡು ಹೋಗಿ ಕಂಪ್ಯೂಟರು ತೆಗೆದುಕೊ, ಅವನು ಓದಿದವನು" ಎಂದು ಹೇಳಿ ಬೆಂಗಳೂರಿಗೆ ಕಳುಹಿಸಿದಳು. ೨೦೨೩ರ ಮಾತಿದು. ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ಹಣ. ನಾನು ಓದಿರುವುದು ಪಂಪನನ್ನೂ ಕೇಶಿರಾಜನನ್ನೂ ಎಂಬುದು ಅಕ್ಕನಿಗೆ ತಿಳಿಯದ್ದೇನಲ್ಲ. ಆದರೆ ತಮ್ಮನ ಮೇಲಿನ ಅಭಿಮಾನಕ್ಕೆ ವಿಷಯಭೇದವೆಲ್ಲಿಯದು?

ಕಂಪ್ಯೂಟರಿಗೆ ಮಿದುಳಿನಂತಿರುವ ಪ್ರೊಸೆಸರು ಇಂಟೆಲ್ ಕಂಪನಿಯದಾಗಬೇಕೋ ಎ.ಎಂ.ಡಿ.ಯದಾಗಬೇಕೋ ಎಂಬುದೇ ಮೊದಲ ಪ್ರಶ್ನೆ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಕೇಳಿದೆನೋ ಇಲ್ಲವೋ, ರಸಪುರಿ ಮೇಲೋ ಬಾದಾಮಿ ಮೇಲೋ ಎಂಬ ಮಾವಿನ ಹಣ್ಣಿನ ವಾದದಲ್ಲಿ ಕಾಣುವ ಆವೇಶವೆಲ್ಲ ಎದ್ದು ನಿಂತಿತು. ಭೌತಶಾಸ್ತ್ರದವರು ಇಂಟೆಲ್ ಬಿಟ್ಟರೆ ಬೇರೆ ಗತಿಯಿಲ್ಲವೆಂದರು. ಗಣಕವಿಜ್ಞಾನದ ಕಿರಿಯ ಮಿತ್ರರು, "ಅದು ಹಳೆಯ ಮಾತು ಸಾರ್, ೨೦೧೭ರಲ್ಲಿ ರೈಜೆನ್ ಬಂದ ಮೇಲೆ ಕಾಲ ಬದಲಾಗಿದೆ" ಎಂದರು.

ವಿಚಾರಿಸಿ ನೋಡಿದರೆ ಇವರಿಬ್ಬರೂ ದಾಯಾದಿಗಳು. ೧೯೬೮ರಲ್ಲಿ ಇಂಟೆಲನ್ನು ಸ್ಥಾಪಿಸಿದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, ಮರುವರ್ಷ ಎ.ಎಂ.ಡಿ.ಯನ್ನು ಕಟ್ಟಿದ ಜೆರ್ರಿ ಸ್ಯಾಂಡರ್ಸ್, ಎಲ್ಲರೂ ಫೇರ್‌ಚೈಲ್ಡ್ ಎಂಬ ಒಂದೇ ಮನೆಯಿಂದ ಹೊರಬಿದ್ದವರು. ೧೯೮೧ರ ತನ್ನ ಪಿ.ಸಿ.ಗೆ ಇಂಟೆಲಿನ ೮೦೮೮ ಚಿಪ್ಪನ್ನು ಆರಿಸಿಕೊಂಡ ಐ.ಬಿ.ಎಂ., ಒಬ್ಬನನ್ನೇ ನಂಬಿ ಕೂರಲಾರದೆ, ಎರಡನೆಯ ತಯಾರಕನೊಬ್ಬನಿರಬೇಕೆಂದು ಹಟ ಹಿಡಿಯಿತು. ಹೀಗೆ ೧೯೮೨ರ ಒಪ್ಪಂದದಿಂದ ಇಂಟೆಲಿನ ವಿದ್ಯೆ ಎ.ಎಂ.ಡಿ.ಯ ಮನೆಗೂ ಬಂದಿತು. ದಾಯಾದಿಗಳೆಂದ ಮೇಲೆ ಕೋರ್ಟು ಕಚೇರಿ ತಪ್ಪೀತೆ? ವಿನೋದವೆಂದರೆ, ೨೦೦೩ರಲ್ಲಿ ಎ.ಎಂ.ಡಿ. ತಂದ ಅರವತ್ತನಾಲ್ಕು ಬಿಟ್ಟಿನ ಪದ್ಧತಿಯನ್ನು ಕಡೆಗೆ ಇಂಟೆಲೇ ಅನುಸರಿಸಬೇಕಾಯಿತು. ಇಬ್ಬರ ಚಿಪ್ಪೂ ಆಡುವುದು ಒಂದೇ ಭಾಷೆ. ಒಂದರಲ್ಲಿ ನಡೆಯುವ ವಿಂಡೋಸು ಇನ್ನೊಂದರಲ್ಲೂ ನಡೆಯುತ್ತದೆ. ನಮ್ಮಂಥವರು ಜೇಬು ನೋಡಿಕೊಂಡು ಆರಿಸಿದರೆ ಸಾಕು.

ಹುಡುಗ ಕಾಗದದ ಮೇಲೆ ಲೆಕ್ಕ ಬರೆದುಕೊಂಡೇ ಬಂದಿದ್ದ. ಎ.ಎಂ.ಡಿ.ಯ ರೈಜೆನ್ ೫೬೦೦ಜಿಗೆ ಆರು ಕೋರು, ಇಂಟೆಲಿನ ಐ೩-೧೨೧೦೦ಕ್ಕೆ ನಾಲ್ಕು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಎರಡರೊಳಗೂ ಸೇರಿಯೇ ಇದೆ. ಬೇರೆ ಕಾರ್ಡಿನ ಖರ್ಚಿಲ್ಲ. ಒಬ್ಬರ ಚಿಪ್ಪು ಇನ್ನೊಬ್ಬರ ಮದರ್‌ಬೋರ್ಡಿನಲ್ಲಿ ಕೂರದಾದ್ದರಿಂದ ಎರಡನ್ನೂ ಸೇರಿಸಿಯೇ ಬೆಲೆ ನೋಡಬೇಕೆಂದೂ, ಪ್ರೊಸೆಸರಿಗೆ ಸುರಿದು ಎಸ್.ಎಸ್.ಡಿ.ಯಲ್ಲಿ ಜಿಪುಣತನ ತೋರಬಾರದೆಂದೂ ಅವನೇ ನನಗೆ ಪಾಠ ಹೇಳಿದ.

ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅಂದು ೫೬೦೦ಜಿ ಇರಲಿಲ್ಲ. ಅಂಗಡಿಯಾತ ೧೨೧೦೦ಎಫ್ ಎಂಬ ಪೆಟ್ಟಿಗೆಯನ್ನು ಮುಂದಿಟ್ಟು, "ಅದೇ ಚಿಪ್ಪು, ಅದೇ ವೇಗ ಸಾರ್, ಬೆಲೆ ಮಾತ್ರ ಕಡಿಮೆ" ಎಂದ. ಅಕ್ಕನಿಗೆ ಉಳಿತಾಯ ತೋರಿಸುವ ಆಸೆ ನನಗೆ. ಹುಡುಗ "ಮಾವ, ಆ ಎಫ್..." ಎಂದು ಬಾಯಿ ತೆರೆದ. "ದೊಡ್ಡವರು ಮಾತನಾಡುವಾಗ ಸುಮ್ಮನಿರು" ಎಂದು ಗದರಿಸಿದೆ.

ರಾತ್ರಿ ಮನೆಯಲ್ಲಿ ಜೋಡಿಸಿ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಅಮಾವಾಸ್ಯೆ. ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲವೆಂದರ್ಥವಂತೆ. ಅದನ್ನು ಹುಡುಗ ಬಹಳ ಮೆಲ್ಲಗೆ ಹೇಳಿದ. ಪ್ರತ್ಯಯವೊಂದರಿಂದ ಪದದ ಅರ್ಥವೇ ತಿರುಗುತ್ತದೆಂದು ತರಗತಿಯಲ್ಲಿ ವರ್ಷವರ್ಷವೂ ಬೋಧಿಸುವವನು ನಾನು!

ಮರುದಿನ ಅಂಗಡಿಯಾತ, ಒಡೆದ ಪೆಟ್ಟಿಗೆಯೆಂದು ಹಣ ಮುರಿದುಕೊಂಡು, ಎಫ್ ಇಲ್ಲದ ಚಿಪ್ಪನ್ನು ಕೊಟ್ಟ. ಎರಡು ಸಾವಿರದಷ್ಟು ಹೆಚ್ಚಾಯಿತು; ನನ್ನ ಜೇಬಿನಿಂದ ತೆತ್ತೆ. ಸಂಜೆ ಪರದೆ ಬೆಳಗುತ್ತಿದ್ದ ಹೊತ್ತಿಗೆ ಅಕ್ಕನ ಫೋನು ಬಂದಿತು.

"ನೀನು ಜೊತೆಗಿದ್ದೆಯಲ್ಲೋ, ಒಳ್ಳೆಯದಾಯಿತು. ಅವನೊಬ್ಬನೇ ಹೋಗಿದ್ದರೆ ಅಂಗಡಿಯವರು ಟೋಪಿ ಹಾಕಿಬಿಡುತ್ತಿದ್ದರು" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಫೋನನ್ನು ಹುಡುಗನ ಕೈಗೆ ಕೊಟ್ಟೆ. ಅವನು ಪರದೆಯಿಂದ ಕಣ್ಣು ತೆಗೆಯದೆ, "ಹೌದಮ್ಮ" ಎಂದಷ್ಟೇ ಹೇಳಿದ.