ಅಟ್ಟದ ಮೇಲಿನ ಪಾಠ

ಕಾಲೇಜಿನ ಕೊನೆಯ ವರ್ಷ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಕಸುಬಿನ ಮಾತುಗಳ ಮೇಲೆ ದೊಡ್ಡದೊಂದು ಪ್ರಬಂಧ ಬರೆದು ಮುಗಿಸಿದೆ. ಮೊದಮೊದಲು ಪುಸ್ತಕಗಳಿಂದ ಇಳಿಸಿಕೊಂಡದ್ದನ್ನೇ ಬರವಣಿಗೆ ಎಂದುಕೊಂಡಿದ್ದೆ. ದಾರಿ ತೋರಿದವರು ಹಳ್ಳಿಯ ರೈತರೊಬ್ಬರು. ಅವರು ಹೇಳಿದ್ದು ಇಷ್ಟು: ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಹತ್ತು-ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಅವಸರಕ್ಕೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ನನ್ನ ಕರಡು ಪ್ರತಿಯೂ ಹಾಗೆಯೇ: ಬರೆದಿಟ್ಟು ಕೆಲವು ವಾರ ಬಿಟ್ಟು ಓದಿದಾಗ ಹೆಚ್ಚಿನ ಮಾತೆಲ್ಲ ಇಂಗಿ, ಹೇಳಬೇಕಾದದ್ದಷ್ಟೇ ಉಳಿಯಿತು. ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಅಚ್ಚಾದದ್ದು 1953ರಲ್ಲಿ, ಅವರು ನಲವತ್ತು ದಾಟಿದ ಮೇಲೆ. ಮಾಗಿದ ಓದು ಎಂದರೇನು ಎಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಅದು. ಈ ವರ್ಷ ಪ್ರಬಂಧಕ್ಕೆ ಕುಳಿತಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ಬೇಗ ಶುರು ಮಾಡಿ, ದಿನಕ್ಕೊಂದು ಪುಟ ಬರೆಯಿರಿ, ಊರಿನ ಹಿರಿಯರನ್ನು ಕೇಳಿ ತಿಳಿಯಿರಿ, ಕೊನೆಯ ತಿಂಗಳನ್ನು ತಿದ್ದುವುದಕ್ಕೆಂದೇ ಉಳಿಸಿಕೊಳ್ಳಿ.